ಕರೆಂಟ್ ಪಲ್ಸ್‌ನಿಂದ ಕ್ಯಾನ್ಸರ್ ಗಡ್ಡೆ ಕೊಲ್ಲುವ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ "ಕರೆಂಟ್ ಕೊಟ್ಟರೆ ಸಾಕು, ಕ್ಯಾನ್ಸರ್ ಮಾಯ" ಎನ್ನುವ ವಿಡಿಯೊಗಳು ಆಗಾಗ ಓಡಾಡುತ್ತವೆ. ನಾನು ಡಾಕ್ಟರ್ ಅಲ್ಲ, ಎಲೆಕ್ಟ್ರಿಕಲ್ ಪಾಠ ಹೇಳುವ ಮೇಷ್ಟ್ರು. ವೋಲ್ಟು, ಆಂಪು ಎಂಬ ಮಾತು ಬಂದರೆ ನೆಂಟರು, ಹಳೇ ವಿದ್ಯಾರ್ಥಿಗಳು ನನ್ನನ್ನೇ ಹಿಡಿಯುತ್ತಾರೆ. ಅವರು ಕೇಳಿದ್ದಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಯಾರಿಗೆ ಯಾವ ಚಿಕಿತ್ಸೆ ಎಂದು ಹೇಳುವುದು ಮಾತ್ರ ಡಾಕ್ಟರ ಕೆಲಸ, ನನ್ನದಲ್ಲ.

ಮೇಷ್ಟ್ರೇ, ಇದು ನಿಜಾನಾ? ಇಲ್ಲ ಇನ್ನೊಂದು ಬುರುಡೆನಾ?

ಚಿಕಿತ್ಸೆ ನಿಜ. ವಿಡಿಯೊದಲ್ಲಿ ಹೇಳುವಷ್ಟು ಸುಲಭ ಅಲ್ಲ, ಅಷ್ಟೆ.

ಎಲೆಕ್ಟ್ರಿಕ್ ಪಲ್ಸ್, ಅಂದರೆ ಕ್ಷಣಮಾತ್ರ ಇರುವ ಕರೆಂಟಿನ ಪೆಟ್ಟು ಕೊಟ್ಟರೆ ಜೀವಕೋಶದ ಪೊರೆಯಲ್ಲಿ ತೂತು ಬೀಳುತ್ತದೆ ಎಂಬುದು ಪ್ರಯೋಗಾಲಯದವರಿಗೆ ಹಳೇ ವಿಷಯ. 1982ರಲ್ಲಿ ಜರ್ಮನಿಯ ಎಬರ್ಹಾರ್ಡ್ ನಾಯ್ಮನ್ ಮತ್ತು ಜೊತೆಗಾರರು ಇದೇ ದಾರಿಯಲ್ಲಿ ಇಲಿಯ ಕೋಶಗಳೊಳಗೆ ಜೀನ್ ತೂರಿಸಿ ತೋರಿಸಿದರು. ಆಗ ಕೋಶ ಬದುಕಿ ಉಳಿಯಬೇಕಿತ್ತು. ಪಲ್ಸ್ ಜಾಸ್ತಿಯಾಗಿ ಕೋಶ ಸತ್ತರೆ ಅದು ಪ್ರಯೋಗ ಕೆಟ್ಟ ಲೆಕ್ಕ. 2005ರಲ್ಲಿ ರಫಾಯೆಲ್ ಡವಲೋಸ್, ಲೂಯಿಸ್ ಮಿರ್, ಬೋರಿಸ್ ರುಬಿನ್ಸ್ಕಿ ಆ ಲೆಕ್ಕವನ್ನೇ ತಿರುಗಿಸಿದರು. ಕೋಶ ಸಾಯುವಷ್ಟು ಪಲ್ಸ್ ಕೊಟ್ಟು, ಆದರೆ ಮಾಂಸ ಬೇಯದಂತೆ ನೋಡಿಕೊಂಡರೆ ಗಡ್ಡೆಯನ್ನೇ ತೆಗೆಯಬಹುದಲ್ಲ ಎಂದು ಲೆಕ್ಕ ಹಾಕಿ ಬರೆದರು. ಈ ವಿಧಾನಕ್ಕೆ ಇರ್‌ರಿವರ್ಸಿಬಲ್ ಎಲೆಕ್ಟ್ರೋಪೊರೇಷನ್ ಎನ್ನುತ್ತಾರೆ. ಡಾಕ್ಟರುಗಳ ಬಾಯಲ್ಲಿ ಐಆರ್‌ಇ. ಇದಕ್ಕೆ ಬಳಸುವ ಯಂತ್ರಗಳಲ್ಲಿ ಜಾಸ್ತಿ ಕೇಳಿಬರುವ ಹೆಸರು ನ್ಯಾನೋನೈಫ್. ಹೆಸರಿನಲ್ಲಿ ನೈಫ್ ಇದ್ದರೂ ಅದರಲ್ಲಿ ಚಾಕು ಇಲ್ಲ, ಇರುವುದು ಸೂಜಿ.

ಪಲ್ಸ್ ಕೊಟ್ಟರೆ ಕೋಶ ಸಾಯೋದು ಹೇಗೆ? ಸುಟ್ಟುಹೋಗುತ್ತಾ?

ಸುಡುವುದಿಲ್ಲ. ಈ ಚಿಕಿತ್ಸೆಯ ಗುಟ್ಟೇ ಅಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಪ್ರತಿ ಕೋಶದ ಸುತ್ತ ಕೊಬ್ಬಿನಿಂದಾದ ತೆಳ್ಳನೆಯ ಪೊರೆ ಇರುತ್ತದೆ. ದಪ್ಪ ಸುಮಾರು 5 ನ್ಯಾನೋಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್. ಒಳಗೂ ಹೊರಗೂ ಉಪ್ಪುನೀರು, ಅಂದರೆ ಕರೆಂಟ್ ಹರಿಯುವ ದ್ರವ. ನಡುವಿನ ಪೊರೆ ಇನ್ಸುಲೇಟರ್. ಹೊರಗಿನಿಂದ ವಿದ್ಯುತ್ ಕ್ಷೇತ್ರ ಹಾಕಿದಾಗ ವೋಲ್ಟೇಜೆಲ್ಲ ಬಂದು ಆ ಪೊರೆಯ ಮೇಲೇ ಕೂರುತ್ತದೆ.

ಒಂದು ಸಣ್ಣ ಲೆಕ್ಕ. ಸೆಂಟಿಮೀಟರಿಗೆ 1,000 ವೋಲ್ಟ್ ಕ್ಷೇತ್ರದಲ್ಲಿ 10 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲಿ ಒಂದು ಭಾಗ) ತ್ರಿಜ್ಯದ ಒಂದು ಕೋಶ ಇದೆ ಎನ್ನಿ. ಅದರ ಪೊರೆಯ ಮೇಲೆ ಬೀಳುವುದು ಹೆಚ್ಚೆಂದರೆ ಒಂದೂವರೆ ವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್‌ನಷ್ಟು. ಇಷ್ಟೇನಾ ಅನ್ನಿಸಬಹುದು. ಆದರೆ ಆ ಒಂದೂವರೆ ವೋಲ್ಟು ಬೀಳುವುದು 5 ನ್ಯಾನೋಮೀಟರ್ ದಪ್ಪದ ಮೇಲೆ. ಭಾಗಿಸಿ ನೋಡಿದರೆ ಸೆಂಟಿಮೀಟರಿಗೆ 30 ಲಕ್ಷ ವೋಲ್ಟ್ ಆಗುತ್ತದೆ. ಗಾಳಿಯಲ್ಲಿ ಕಿಡಿ ಹಾರುವುದಕ್ಕೆ ಸೆಂಟಿಮೀಟರಿಗೆ ಸುಮಾರು 30 ಸಾವಿರ ವೋಲ್ಟ್ ಸಾಕು. ಅದರ ನೂರರಷ್ಟು ಒತ್ತಡ ಈ ಪೊರೆಯ ಮೇಲೆ! ಪೊರೆ ತಡೆಯುವುದಿಲ್ಲ, ಅಲ್ಲಲ್ಲಿ ತೂತು ಬೀಳುತ್ತದೆ.

ಪಲ್ಸ್ ಕಡಿಮೆ ಇದ್ದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ, ಕೋಶ ಸುಧಾರಿಸಿಕೊಳ್ಳುತ್ತದೆ. ಜಾಸ್ತಿ ಇದ್ದರೆ ಮುಚ್ಚುವುದಿಲ್ಲ. ಒಳಗೆ ಇರಬೇಕಾದದ್ದು ಹೊರಗೆ ಸೋರುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕೆಲವು ಗಂಟೆಯಿಂದ ಕೆಲವು ದಿನಗಳೊಳಗೆ ಕೋಶ ಸಾಯುತ್ತದೆ. ಸತ್ತದ್ದನ್ನು ದೇಹವೇ ತೆಗೆದುಹಾಕುತ್ತದೆ.

ಶಾಖದ ವಿಷಯಕ್ಕೆ ಬರೋಣ. ಐಆರ್‌ಇಯಲ್ಲಿ ಒಂದು ಪಲ್ಸ್ ಇರುವುದು ಸುಮಾರು 100 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ. ಒಂದು ಜೋಡಿ ಸೂಜಿಗೆ ಸಾಮಾನ್ಯವಾಗಿ 90 ಪಲ್ಸ್. ಎಲ್ಲ ಕೂಡಿಸಿದರೂ ಕರೆಂಟ್ ಹರಿದ ಹೊತ್ತು 9 ಮಿಲಿಸೆಕೆಂಡ್. ಯಂತ್ರದ ಗರಿಷ್ಠ ಮಟ್ಟವಾದ 3,000 ವೋಲ್ಟ್, 50 ಆಂಪ್ ಎಂದೇ ಇಟ್ಟುಕೊಂಡರೂ ಒಟ್ಟು ಶಕ್ತಿ 1,350 ಜೌಲ್. ಮನೆಯ 10 ವ್ಯಾಟ್ ಎಲ್‌ಇಡಿ ಬಲ್ಬು ಎರಡೂಕಾಲು ನಿಮಿಷ ಉರಿದರೆ ಇಷ್ಟೇ ಖರ್ಚಾಗುತ್ತದೆ. ಸೂಜಿಗೆ ತಾಗಿದ ಜಾಗದಲ್ಲಿ ಸ್ವಲ್ಪ ಬಿಸಿಯಾಗುವುದು ನಿಜ, ಡಾಕ್ಟರುಗಳು ಅದರ ಮೇಲೂ ಕಣ್ಣಿಡುತ್ತಾರೆ. ಆದರೆ ಕೊಲ್ಲುವ ಕೆಲಸ ಮಾಡುವುದು ಶಾಖ ಅಲ್ಲ.

3,000 ವೋಲ್ಟ್ ಅಂತೀರಿ. ಪಂಪ್‌ಸೆಟ್‌ನ ಸ್ಟಾರ್ಟರ್ ಮುಟ್ಟಿದರೇ ಜನ ಸಾಯ್ತಾರಲ್ಲ?

ಒಳ್ಳೇ ಪ್ರಶ್ನೆ. ನಮ್ಮ ಕಡೆ ಗದ್ದೆ ಬಯಲಲ್ಲಿ ಶಾಕ್ ಹೊಡೆದು ಹೋದವರನ್ನು ನೋಡದ ಊರಿಲ್ಲ.

ಸ್ಟಾರ್ಟರ್ ಮುಟ್ಟಿದಾಗ ಕರೆಂಟ್ ಕೈಯಿಂದ ಎದೆ ಹಾದು ಕಾಲಿಗೆ ಇಳಿಯುತ್ತದೆ. ಬಿಡಿಸಿಕೊಳ್ಳಲು ಆಗದಿದ್ದರೆ ಸೆಕೆಂಡುಗಟ್ಟಲೆ ಹರಿಯುತ್ತಲೇ ಇರುತ್ತದೆ. ಇಲ್ಲಿ ಹಾಗಲ್ಲ. ಎರಡು ಸೂಜಿಗಳು ಒಂದರಿಂದ ಎರಡು ಸೆಂಟಿಮೀಟರ್ ದೂರದಲ್ಲಿ ಗಡ್ಡೆಯ ಅಕ್ಕಪಕ್ಕ ಚುಚ್ಚಿರುತ್ತವೆ. ಕರೆಂಟಿನ ಬಹುಪಾಲು ಅವುಗಳ ನಡುವೆಯೇ ಹೋಗುತ್ತದೆ. ಅದೂ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ.

ಆದರೂ ಹೃದಯದ ವಿಷಯದಲ್ಲಿ ಯಾರೂ ಹುಡುಗಾಟ ಆಡುವುದಿಲ್ಲ. ಯಂತ್ರವನ್ನು ಇಸಿಜಿಗೆ ಜೋಡಿಸಿರುತ್ತಾರೆ. ಪ್ರತಿ ಮಿಡಿತ ಆದಮೇಲೆ ಹೃದಯದ ಸ್ನಾಯು ಹೊಸ ಪ್ರಚೋದನೆಗೆ ಓಗೊಡದ ಒಂದು ಸಣ್ಣ ಅವಧಿ ಇದೆ. ಪಲ್ಸ್ ಹೋಗುವುದು ಆಗ ಮಾತ್ರ. ಪೂರ್ತಿ ಅರಿವಳಿಕೆ ಬೇಕೇ ಬೇಕು. ಅದರ ಜೊತೆಗೆ ಸ್ನಾಯುಗಳನ್ನು ಸಡಿಲ ಮಾಡುವ ಔಷಧಿಯನ್ನೂ ಕೊಡುತ್ತಾರೆ. ಅದಿಲ್ಲದಿದ್ದರೆ ಪ್ರತಿ ಪಲ್ಸ್‌ಗೂ ಮೈ ಜಗ್ಗಿ ಸೂಜಿ ಜಾಗ ತಪ್ಪುತ್ತದೆ.

ಇದು ಕ್ಯಾನ್ಸರ್ ಕೋಶವನ್ನೇ ಹುಡುಕಿ ಕೊಲ್ಲುತ್ತಾ?

ಇಲ್ಲ. ವಿಡಿಯೊಗಳು ಅತಿ ದೊಡ್ಡ ಸುಳ್ಳು ಹೇಳುವುದು ಇಲ್ಲೇ.

ಐಆರ್‌ಇ ಪಲ್ಸ್‌ಗೆ ಒಳ್ಳೇ ಕೋಶ ಯಾವುದು, ಕೆಟ್ಟದ್ದು ಯಾವುದು ಎಂಬುದು ಗೊತ್ತಿಲ್ಲ. ಸೂಜಿಗಳ ನಡುವೆ ಕ್ಷೇತ್ರ ಸಾಕಷ್ಟು ಇದ್ದ ಕಡೆ ಎಲ್ಲ ಕೋಶವೂ ಸಾಯುತ್ತದೆ. ಕ್ಷೇತ್ರ ಕಡಿಮೆ ಆದ ಕಡೆ ಕ್ಯಾನ್ಸರ್ ಕೋಶವೂ ಆರಾಮಾಗಿ ಬದುಕಿಕೊಳ್ಳುತ್ತದೆ. ಹಾಗಾಗಿ ಎಲ್ಲ ನಿಂತಿರುವುದು ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯನ್ನು ಎಲ್ಲಿ, ಎಷ್ಟು ಸಮಾನಾಂತರವಾಗಿ ಇಟ್ಟರು ಎಂಬುದರ ಮೇಲೆ. ಒಂದು ಸೂಜಿ ನಾಲ್ಕೈದು ಮಿಲಿಮೀಟರ್ ಓರೆಯಾದರೂ ಸಾಯಬೇಕಾದ ಜಾಗದ ಆಕಾರ ಬದಲಾಗುತ್ತದೆ. ನನ್ನನ್ನು ಕೇಳಿದರೆ, ಯಂತ್ರ ಯಾವುದು ಎಂದು ಕೇಳುವುದಕ್ಕಿಂತ ಸೂಜಿ ಇಡುವ ಡಾಕ್ಟರಿಗೆ ಎಷ್ಟು ಅನುಭವ ಇದೆ ಎಂದು ಕೇಳುವುದು ಮುಖ್ಯ.

ಹಾಗಿದ್ರೆ ಇದರಿಂದ ಲಾಭ ಏನು? ಗಡ್ಡೆ ಕೊಯ್ದು ತೆಗೆದರೆ ಆಗಲ್ವಾ?

ಕೊಯ್ದು ತೆಗೆಯಲು ಆಗುವುದಾದರೆ ಸಾಮಾನ್ಯವಾಗಿ ಅದೇ ಮೊದಲ ಆಯ್ಕೆ. ಕೊಯ್ಯಲು ಆಗದ ಜಾಗಗಳು ಇವೆಯಲ್ಲ, ಪಲ್ಸ್‌ನ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಪಲ್ಸ್ ಕೊಲ್ಲುವುದು ಕೋಶಗಳನ್ನು. ಕೋಶಗಳ ನಡುವೆ ಇರುವ ಕೊಲಾಜೆನ್ ಎಂಬ ನಾರಿನ ಚೌಕಟ್ಟನ್ನು ಅದು ಬಹುಮಟ್ಟಿಗೆ ಮುಟ್ಟುವುದಿಲ್ಲ. ಬಾಡಿಗೆಯವರು ಮನೆ ಖಾಲಿ ಮಾಡಿ ಹೋದರೂ ಕಂಬ, ಗೋಡೆ, ನಲ್ಲಿ ಪೈಪು ಹಾಗೇ ಇರುತ್ತವಲ್ಲ, ಹಾಗೆ. ದೊಡ್ಡ ರಕ್ತನಾಳ, ಪಿತ್ತನಾಳಗಳ ಗೋಡೆಯ ಆಕಾರ ಉಳಿಯುತ್ತದೆ. ಆಮೇಲೆ ಹೊಸ ಕೋಶಗಳು ಬಂದು ಅಲ್ಲಿ ಸೇರಿಕೊಳ್ಳುತ್ತವೆ.

ಶಾಖದಿಂದ ಸುಡುವ ರೇಡಿಯೋಫ್ರೀಕ್ವೆನ್ಸಿ, ಮೈಕ್ರೋವೇವ್ ವಿಧಾನಗಳಿಗೆ ಇನ್ನೊಂದು ತೊಡಕಿದೆ. ಗಡ್ಡೆಯ ಪಕ್ಕದಲ್ಲೇ ದೊಡ್ಡ ರಕ್ತನಾಳ ಇದ್ದರೆ ಹರಿಯುವ ರಕ್ತ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನಾಳಕ್ಕೆ ಅಂಟಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದುಬಿಡುತ್ತದೆ. ಪಲ್ಸ್ ಶಾಖವನ್ನು ನಂಬಿಕೊಂಡಿಲ್ಲ, ಅದಕ್ಕೇ ಈ ತೊಂದರೆ ಇಲ್ಲ. ಆದರೆ ಗಡ್ಡೆ ಚಿಕ್ಕದಿರಬೇಕು. ಮೂರು ಸೆಂಟಿಮೀಟರ್ ದಾಟಿದ ಮೇಲೆ ಪೂರ್ತಿ ಕೊಲ್ಲುವುದು ಕಷ್ಟ.

ಯಾವ ಕ್ಯಾನ್ಸರ್‌ಗೆ ಬಳಸಿದ್ದಾರೆ? ಫಲ ಸಿಕ್ಕಿದೆಯಾ?

ಜಾಸ್ತಿ ಕೆಲಸ ನಡೆದಿರುವುದು ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ), ಲಿವರ್, ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಮೇಲೆ.

ಪ್ರಾಸ್ಟೇಟ್‌ನಲ್ಲಿ ಸುದ್ದಿ ಚೆನ್ನಾಗಿದೆ. ಅಮೆರಿಕದಲ್ಲಿ ಪ್ರಿಸರ್ವ್ ಎಂಬ ಅಧ್ಯಯನದಲ್ಲಿ 121 ಗಂಡಸರಿಗೆ ಈ ಚಿಕಿತ್ಸೆ ಕೊಟ್ಟರು. ವರ್ಷದ ನಂತರ ನೋಡಿದಾಗ ಶೇ 84ರಷ್ಟು ಜನರಲ್ಲಿ, ಚಿಕಿತ್ಸೆ ಕೊಟ್ಟ ಜಾಗದಲ್ಲಿ ಚಿಂತೆ ಮಾಡಬೇಕಾದಂಥ ಕ್ಯಾನ್ಸರ್ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಔಷಧಿ, ಸಾಧನಗಳಿಗೆ ಒಪ್ಪಿಗೆ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಪ್ರಾಸ್ಟೇಟ್ ಚಿಕಿತ್ಸೆಗೆ ನ್ಯಾನೋನೈಫ್ ಬಳಸಲು ಒಪ್ಪಿಗೆ ಕೊಟ್ಟಿತು. "ಚಿಕಿತ್ಸೆ ಕೊಟ್ಟ ಜಾಗದಲ್ಲಿ" ಎಂಬ ಮಾತನ್ನು ಗಮನಿಸಿ. ಗ್ರಂಥಿಯ ಉಳಿದ ಭಾಗವನ್ನು ಆಮೇಲೂ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ವರ್ಷ ಎಂಬುದು ಪ್ರಾಸ್ಟೇಟ್ ಕ್ಯಾನ್ಸರ್ ಲೆಕ್ಕದಲ್ಲಿ ದೊಡ್ಡ ಅವಧಿಯೂ ಅಲ್ಲ.

ಪ್ಯಾಂಕ್ರಿಯಾಸ್ ಕಥೆ ಬೇರೆ. 2015ರಲ್ಲಿ ಅಮೆರಿಕದ ಸರ್ಜನ್‌ಗಳು 200 ರೋಗಿಗಳ ವಿವರ ಪ್ರಕಟಿಸಿದರು. ರಕ್ತನಾಳಕ್ಕೆ ಹತ್ತಿಕೊಂಡು, ಅಲ್ಲೇ ಮುಂದುವರಿದ ಕ್ಯಾನ್ಸರ್ ಇದ್ದವರು ಇವರು. ಬದುಕಿದ ಅವಧಿಯ ಮಧ್ಯಮಾಂಕ ಸುಮಾರು ಎರಡು ವರ್ಷ ಇತ್ತು. ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಉಳಿದರ್ಧ ಕಡಿಮೆ ಬದುಕಿದರು. ಎಲ್ಲರೂ ಹುರುಪಾದರು. ಆದರೆ ಅಲ್ಲಿ ಹೋಲಿಸಿ ನೋಡಲು ಚೀಟಿ ಎತ್ತಿ ಆರಿಸಿದ ಇನ್ನೊಂದು ಗುಂಪು ಇರಲಿಲ್ಲ. ಸ್ವಲ್ಪ ಗಟ್ಟಿ ಇರುವವರನ್ನೇ ಆರಿಸಿದರೆ ಯಾವ ಚಿಕಿತ್ಸೆಯಾದರೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಆಮೇಲೆ ನೆದರ್‌ಲ್ಯಾಂಡ್ಸ್‌ನವರು ಕ್ರಾಸ್‌ಫೈರ್ ಎಂಬ ಅಧ್ಯಯನದಲ್ಲಿ ಸರಿಯಾಗಿ ಎರಡು ಗುಂಪು ಮಾಡಿದರು. ಒಂದಕ್ಕೆ ಐಆರ್‌ಇ, ಇನ್ನೊಂದಕ್ಕೆ ಗುರಿಯಿಟ್ಟು ಕೊಡುವ ರೇಡಿಯೇಷನ್. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ಐಆರ್‌ಇ ಗುಂಪಿನವರು ಹೆಚ್ಚು ಕಾಲ ಬದುಕಲಿಲ್ಲ. ಮುಂದುವರಿಸಿ ಪ್ರಯೋಜನವಿಲ್ಲ ಎಂದು ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗೆ ಇದೇ ರಾಮಬಾಣ ಎಂದು ಯಾರಾದರೂ ಹೇಳಿದರೆ ಈ ಅಧ್ಯಯನದ ಬಗ್ಗೆ ಕೇಳಿ ನೋಡಿ.

ಎಲೆಕ್ಟ್ರೋಕೀಮೋಥೆರಪಿ ಅಂತ ಇನ್ನೊಂದು ಕೇಳಿದೆ. ಅದೂ ಇದೂ ಒಂದೇನಾ?

ಅಣ್ಣ ತಮ್ಮ. ಎಲೆಕ್ಟ್ರೋಕೀಮೋಥೆರಪಿಯಲ್ಲಿ ಪಲ್ಸ್ ನೇರವಾಗಿ ಕೊಲ್ಲುವುದಿಲ್ಲ, ಬಾಗಿಲು ತೆಗೆಯುತ್ತದೆ. ಕೊಲ್ಲುವುದು ಔಷಧಿ.

ಬ್ಲಿಯೋಮೈಸಿನ್ ಎಂಬ ಹಳೇ ಕೀಮೋ ಔಷಧಿ ಇದೆ. ಕೋಶದ ಒಳಗೆ ಹೋದರೆ ಭಾರಿ ಚುರುಕು, ಆದರೆ ಪೊರೆ ದಾಟಿ ಒಳಗೆ ಹೋಗುವುದೇ ಅಪರೂಪ. ಪಲ್ಸ್ ಕೊಟ್ಟು ತೂತು ಮಾಡಿದರೆ ಅದರ ಕೊಲ್ಲುವ ಶಕ್ತಿ ನೂರಾರು ಪಟ್ಟು, ಪ್ರಯೋಗಾಲಯದಲ್ಲಂತೂ ಸಾವಿರಾರು ಪಟ್ಟು ಏರಿದ್ದನ್ನು ನೋಡಿದ್ದಾರೆ. ರೂಢಿಯಲ್ಲಿರುವುದು 100 ಮೈಕ್ರೋಸೆಕೆಂಡಿನ 8 ಪಲ್ಸ್. ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟ 8 ನಿಮಿಷದ ಮೇಲೆ ಪಲ್ಸ್ ಶುರು ಮಾಡಿ 28 ನಿಮಿಷದೊಳಗೆ ಮುಗಿಸುತ್ತಾರೆ.

ಮನುಷ್ಯರ ಮೇಲೆ ಮೊದಲ ಪ್ರಯೋಗದ ವರದಿ ಬಂದಿದ್ದು 1991ರಲ್ಲಿ, ಫ್ರಾನ್ಸಿನಿಂದ. ಮೇಲೆ ಹೇಳಿದ ಲೂಯಿಸ್ ಮಿರ್ ಅವರ ತಂಡದ್ದೇ. 2006ರಲ್ಲಿ ಯುರೋಪಿನ ನಾಲ್ಕು ಆಸ್ಪತ್ರೆಗಳು ಸೇರಿ ನಡೆಸಿದ ಈಸೋಪ್ ಅಧ್ಯಯನದಲ್ಲಿ ಚರ್ಮದ ಮೇಲಿನ ಗಂಟುಗಳಲ್ಲಿ ಶೇ 85ರಷ್ಟು ಕುಗ್ಗಿದವು, ಶೇ 74ರಷ್ಟು ಪೂರ್ತಿ ಮಾಯವಾದವು. ಸ್ತನ ಕ್ಯಾನ್ಸರ್ ಚರ್ಮಕ್ಕೆ ಹರಡಿ, ಗಂಟು ಒಡೆದು, ರಕ್ತ ಕೀವು ಸೋರಿ ವಾಸನೆ ಬರುವಾಗ ಮನೆಯವರು ಪಡುವ ಪಾಡು ನೋಡಿದವರಿಗೇ ಗೊತ್ತು. ಅಂಥವರಿಗೆ ಇದು ದೊಡ್ಡ ಆಸರೆ. ಆ ಗಂಟು ವಾಸಿಯಾಯಿತು ಎಂದರೆ ಒಳಗಿನ ಕ್ಯಾನ್ಸರ್ ಹೋಯಿತು ಎಂದಲ್ಲ. ಅದಕ್ಕೆ ಬೇರೆ ಚಿಕಿತ್ಸೆ ನಡೆಯುತ್ತಲೇ ಇರಬೇಕು.

ಇಡೀ ಪಲ್ಸ್ ಕುಟುಂಬದಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಇದೇ. ಔಷಧಿ ಹಳೆಯದು, ಪ್ರಮಾಣ ಕಡಿಮೆ, ಫಲ ಕಣ್ಣಿಗೆ ಕಾಣುತ್ತದೆ.

ನಮ್ಮಪ್ಪನಿಗೆ ಬಾಯಿ ಕ್ಯಾನ್ಸರ್. ಎಲೆ ಅಡಿಕೆ, ಹೊಗೆಸೊಪ್ಪು ಹಾಕುತ್ತಿದ್ದರು. ಅವರಿಗೆ ಆಗುತ್ತಾ?

ಮೊದಲ ಸಲ ಪತ್ತೆಯಾದ ಬಾಯಿ ಕ್ಯಾನ್ಸರ್‌ಗೆ ಮುಖ್ಯ ಚಿಕಿತ್ಸೆ ಈಗಲೂ ಆಪರೇಷನ್, ಅದರ ಮೇಲೆ ಬೇಕಿದ್ದರೆ ರೇಡಿಯೇಷನ್, ಕೀಮೋ. ಅದನ್ನು ತಡ ಮಾಡಬೇಡಿ. ಎಲ್ಲ ಚಿಕಿತ್ಸೆ ಆದಮೇಲೆ ಮತ್ತೆ ಗಂಟು ಬಂದವರಲ್ಲಿ ಯುರೋಪಿನವರು ಎಲೆಕ್ಟ್ರೋಕೀಮೋಥೆರಪಿ ಮಾಡಿ ನೋಡಿದ್ದಾರೆ. 1991ರ ಆ ಮೊದಲ ಪ್ರಯೋಗವೂ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ಮೇಲೇ ನಡೆದಿದ್ದು. ಕೆಲವರಿಗೆ ಗಂಟು ಕುಗ್ಗಿ ನೋವು ಇಳಿಯುತ್ತದೆ. ಹೊಗೆಸೊಪ್ಪು ಈಗಲಾದರೂ ಬಿಡಿಸಿ. ಚಿಕಿತ್ಸೆ ನಡೆಯುವಾಗ ಬಿಟ್ಟರೂ ಲಾಭ ಇದೆ.

ತಲೆಗೆ ಪಟ್ಟಿ ಅಂಟಿಸಿಕೊಂಡು ಓಡಾಡೋ ಯಂತ್ರ?

ಅದು ಪಲ್ಸ್ ಅಲ್ಲ. ಆಪ್ಟ್ಯೂನ್ ಎಂಬ ಸಾಧನ. ಸೆಕೆಂಡಿಗೆ 2 ಲಕ್ಷ ಸಲ ಹಿಂದೆ ಮುಂದೆ ಹೋಗಿ ಬರುವ, ತುಂಬಾ ಸಣ್ಣ ಕ್ಷೇತ್ರ. ಸೆಂಟಿಮೀಟರಿಗೆ ಒಂದರಿಂದ ಮೂರು ವೋಲ್ಟ್ ಅಷ್ಟೆ. ಪೊರೆಯನ್ನು ತೂತು ಮಾಡುವುದಿಲ್ಲ, ಕೋಶ ಎರಡಾಗುವುದಕ್ಕೆ ಅಡ್ಡಿ ಮಾಡುತ್ತದೆ. ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಗೆ ಬಳಸುತ್ತಾರೆ. ದೊಡ್ಡ ಅಧ್ಯಯನವೊಂದರಲ್ಲಿ ಬದುಕಿದ ಅವಧಿಯ ಮಧ್ಯಮಾಂಕ 16 ತಿಂಗಳಿಂದ 20.9 ತಿಂಗಳಿಗೆ ಏರಿತು. ತಲೆ ಬೋಳಿಸಿಕೊಂಡು ದಿನಕ್ಕೆ 18 ಗಂಟೆ ಹಾಕಿಕೊಂಡಿರಬೇಕು.

ನ್ಯಾನೋಸೆಕೆಂಡ್ ಪಲ್ಸ್ ಬಂದಿದೆ, ಇನ್ನು ಸೂಜಿ ಬೇಡ ಅಂತಾರೆ?

ಸ್ವಲ್ಪ ತಾಳಿ. ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಪಲ್ಸ್ ಹೀಗೆ ತೀರಾ ಚಿಕ್ಕದಾದರೆ ಹೊರಪೊರೆಯ ಮೇಲೆ ಮಾತ್ರ ಅಲ್ಲ, ಕೋಶದ ಒಳಗಿನ ಭಾಗಗಳ ಪೊರೆಗಳ ಮೇಲೂ ಪೆಟ್ಟು ಬೀಳುತ್ತದೆ. ಕೋಶ ತಾನೇ ಸಾಯುವ ದಾರಿ ಹಿಡಿಯುತ್ತದೆ. 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಮೇಲೆ 300 ನ್ಯಾನೋಸೆಕೆಂಡಿನ, ಸೆಂಟಿಮೀಟರಿಗೆ 40 ಸಾವಿರ ವೋಲ್ಟಿನ ಪಲ್ಸ್ ಕೊಟ್ಟಾಗ ಗಡ್ಡೆಗಳು ಕುಗ್ಗಿದವು. ವಿಜ್ಞಾನವಾಗಿ ಸೊಗಸಾಗಿದೆ. ಆದರೆ ಅದಕ್ಕೂ ಎಲೆಕ್ಟ್ರೋಡ್ ಗಡ್ಡೆಗೆ ತಾಗಲೇಬೇಕು. ಇಲಿಯಿಂದ ಮನುಷ್ಯನವರೆಗಿನ ದಾರಿಯೂ ಉದ್ದ.

ಇದರ ನಡುವೆ ಪಲ್ಸ್ ಬೇರೆ ಕಡೆ ಬೇಗ ಗೆದ್ದಿದೆ. ಹೃದಯದ ಮಿಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್‌ಗೆ ಪಲ್ಸ್ ಕೊಡುವ ಸಾಧನಗಳಿಗೆ 2023ರ ಡಿಸೆಂಬರ್‌ನಲ್ಲಿ, 2024ರ ಜನವರಿಯಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು.

ಹಣ್ಣಿನ ರಸ ಕೆಡದಿರಲು ಪಲ್ಸ್ ಕೊಡ್ತಾರಂತೆ, ಮೈಸೂರಲ್ಲೇ?

ಹೌದು, ತತ್ವ ಅದೇ. ಬ್ಯಾಕ್ಟೀರಿಯಾಕ್ಕೂ ಪೊರೆ ಇದೆ. ಕಾಯಿಸದೆ ಪಲ್ಸ್ ಕೊಟ್ಟು ಕೊಂದರೆ ರಸದ ರುಚಿ ಉಳಿಯುತ್ತದೆ. ಸೈನ್ಯಕ್ಕಾಗಿ ಆಹಾರದ ಸಂಶೋಧನೆ ಮಾಡುವ ಮೈಸೂರಿನ ಡಿಎಫ್‌ಆರ್‌ಎಲ್‌ನ ವಿಜ್ಞಾನಿಗಳು ಮಾವಿನ ರಸದ ಮೇಲೆ ಈ ಕೆಲಸ ಮಾಡಿದ್ದಾರೆ. ಬ್ಯಾಕ್ಟೀರಿಯಾ ನಮ್ಮ ಕೋಶಕ್ಕಿಂತ ತುಂಬಾ ಚಿಕ್ಕದು. ಹಾಗಾಗಿ ಅದಕ್ಕೆ ಹತ್ತಾರು ಪಟ್ಟು ಜಾಸ್ತಿ ಕ್ಷೇತ್ರ ಬೇಕು. ಕ್ಯಾನ್ಸರ್ ಚಿಕಿತ್ಸೆಯನ್ನು ಅಲ್ಲಿ ಹೋಗಿ ಕೇಳಬೇಡಿ, ಅಷ್ಟೆ.

ಯಾರಿಗೆ ಇದು ಆಗುವುದಿಲ್ಲ?

ಪೇಸ್‌ಮೇಕರ್ ಹಾಕಿಸಿಕೊಂಡವರು, ಹೃದಯದ ಮಿಡಿತ ಏರುಪೇರಾಗುವವರು, ಮೂರ್ಛೆ ರೋಗ ಇರುವವರು ಐಆರ್‌ಇ ಬಗ್ಗೆ ಯೋಚಿಸುವ ಮೊದಲೇ ಇದನ್ನು ಹೇಳಬೇಕು. ಜಯದೇವ ಹೃದ್ರೋಗ ಆಸ್ಪತ್ರೆಯ ಹಳೇ ಫೈಲು ಮನೆಯಲ್ಲಿದ್ದರೆ ಜೊತೆಗೆ ಒಯ್ಯಿರಿ. ಅರಿವಳಿಕೆ ತಡೆಯದಷ್ಟು ನಿಶ್ಶಕ್ತಿ ಇರುವವರಿಗೂ ಆಗುವುದಿಲ್ಲ. ಎಲೆಕ್ಟ್ರೋಕೀಮೋಥೆರಪಿಯಲ್ಲಿ ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ತೊಂದರೆ ಕೊಡಬಲ್ಲದು. ಅದಕ್ಕೇ ಶ್ವಾಸಕೋಶ, ಕಿಡ್ನಿ ಎರಡನ್ನೂ ಮೊದಲು ನೋಡುತ್ತಾರೆ.

ನಾವು ಮಂಡ್ಯದವರು. ಎಲ್ಲಿ ಕೇಳಬೇಕು? ಖರ್ಚು?

ಯಂತ್ರ ಹುಡುಕಿಕೊಂಡು ಹೊರಡಬೇಡಿ. ಮೊದಲು ಈಗ ನೋಡುತ್ತಿರುವ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. ನಿಮ್ಮ ಕೇಸನ್ನು ಟ್ಯೂಮರ್ ಬೋರ್ಡ್ ಮುಂದೆ ಇಡಲು ಹೇಳಿ. ಸರ್ಜನ್, ರೇಡಿಯೇಷನ್ ಡಾಕ್ಟರ್, ಕೀಮೋ ಡಾಕ್ಟರ್, ಸ್ಕ್ಯಾನಿಂಗ್ ಡಾಕ್ಟರ್ ಒಟ್ಟಿಗೆ ಕೂತು ನೋಡುವ ಸಭೆ ಅದು. ಬೇರೆಯವರ ಅಭಿಪ್ರಾಯವೂ ಬೇಕೆನಿಸಿದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಯಾಪ್ಸಿ ವರದಿ, ಸ್ಲೈಡು, ಸ್ಕ್ಯಾನಿನ ಸಿ.ಡಿ. ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಿ. ಬರೀ ವರದಿ ಕಾಗದ ಒಯ್ದು, ಸಿ.ಡಿ. ಮರೆತು ವಾಪಸ್ ಬಂದವರು ಬೇಕಾದಷ್ಟು ಜನ.

ಇಂಥ ಚಿಕಿತ್ಸೆಯ ಖರ್ಚು ಏರುವುದಕ್ಕೆ ಒಂದು ಕಾರಣ ಸೂಜಿ. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದ್ದರೂ ಹಣ ಸಿಗುವುದು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ. ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿಕೊಳ್ಳಿ. ಯಾರಾದರೂ "ಇದು ಹೊಸ ಪ್ರಯೋಗ, ಸೇರಿಕೊಳ್ಳಿ" ಎಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳ ಸರ್ಕಾರಿ ಪಟ್ಟಿ ಅದು. ಸಂಖ್ಯೆ ಹೇಳದೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಆನ್‌ಲೈನ್‌ನಲ್ಲಿ ಮನೆಗೇ ಕಳಿಸೋ ಪಲ್ಸ್ ಯಂತ್ರ ತರಿಸಲಾ?

ಬೇಡ. ಝ್ಯಾಪರ್ ಅಂತಲೋ, ಫ್ರೀಕ್ವೆನ್ಸಿ ಯಂತ್ರ ಅಂತಲೋ ಮಾರುವುದು ಬ್ಯಾಟರಿಯಲ್ಲಿ ನಡೆಯುವ ಡಬ್ಬಿ. ಕೈಗೆ ಎರಡು ಹಿಡಿಕೆ ಕೊಟ್ಟು ಕೆಲವು ವೋಲ್ಟ್ ಹಾಕಿದರೆ ಹೊಟ್ಟೆಯೊಳಗಿನ ಗಡ್ಡೆಗೆ ತಲುಪುವುದು ಏನೂ ಇಲ್ಲ. ಬೇಕಾದದ್ದು ಸೆಂಟಿಮೀಟರಿಗೆ ಸಾವಿರಕ್ಕೂ ಹೆಚ್ಚು ವೋಲ್ಟ್, ಅದೂ ಗಡ್ಡೆಯ ಒಳಗೆ. ಫಿಸಿಯೋಥೆರಪಿಯಲ್ಲಿ ನೋವಿಗೆ ಬಳಸುವ ಟೆನ್ಸ್ ಯಂತ್ರವೂ ಇದಲ್ಲ. ಇಂಥ ಡಬ್ಬಿ ನಂಬಿ ಕೀಮೋ ತಪ್ಪಿಸಿಕೊಂಡರೆ ಕಳೆದುಹೋದ ತಿಂಗಳುಗಳು ವಾಪಸ್ ಬರುವುದಿಲ್ಲ. ಇನ್ನು ಯೂಟ್ಯೂಬ್ ನೋಡಿ ಹೈ ವೋಲ್ಟೇಜ್ ಸರ್ಕ್ಯೂಟ್ ತಾವೇ ಮಾಡಿಕೊಳ್ಳುವ ಹುಡುಗರಿಗೆ: ಕೆಪಾಸಿಟರ್ ಮುಖ ನೋಡಿ ಹೊಡೆಯುವುದಿಲ್ಲ ಕಣ್ರಪ್ಪಾ. ಸುಮ್ನೆ ಪ್ರಾಣ ಹೋಗುತ್ತದೆ.

ಕಬ್ಬಿನ ಗದ್ದೆ ಮೇಲೆ ಹೈಟೆನ್ಷನ್ ಲೈನ್ ಹೋಗಿದೆ. ಅದರಿಂದ ನಮ್ಮ ಕೋಶಕ್ಕೂ ತೂತು ಬೀಳುತ್ತಾ?

ಇಲ್ಲ. ಲೈನಿನ ಕೆಳಗೆ ಗಾಳಿಯಲ್ಲಿ ಕ್ಷೇತ್ರ ಇರುತ್ತದೆ. ಆದರೆ ನಮ್ಮ ಮೈ ಉಪ್ಪುನೀರಿನದು, ಕರೆಂಟ್ ಹರಿಯುವಂಥದ್ದು. ಹೊರಗಿನ ಕ್ಷೇತ್ರ ಒಳಗೆ ಬರುವಷ್ಟರಲ್ಲಿ ಲಕ್ಷಾಂತರ ಪಟ್ಟು ಕುಗ್ಗಿರುತ್ತದೆ. ಪೊರೆಗೆ ಅದು ಗೊತ್ತೇ ಆಗುವುದಿಲ್ಲ. ಆ ಲೈನಿನ ಕೆಳಗೆ ನಿಜವಾದ ಅಪಾಯ ಬೇರೆ ಇದೆ. ಬೋರ್‌ವೆಲ್ ಪೈಪನ್ನು ನೆಟ್ಟಗೆ ಎತ್ತಿ ಹಿಡಿಯಬೇಡಿ, ಕಬ್ಬಿನ ಲಾರಿ ಮೇಲೆ ಎತ್ತರಕ್ಕೆ ಪೇರಿಸಿ ಅದರ ಮೇಲೆ ನಿಲ್ಲಬೇಡಿ.